ಹುಣಸಿ ತೋಪಿನ ಅಣಬಿ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದವಳು ನಮ್ಮವ್ವ. ಈಗ ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಿದರೆ, "ಎಷ್ಟ್ ಛಲೋ ಮನಿರಿ ನಿಮ್ದು! ಸೊಸಿಗೆ ಅಷ್ಟು ಮರ್ಯಾದಿ ಕೊಡತಿದ್ರಾ?" ಅನ್ನುತ್ತಾರೆ. ಮರ್ಯಾದೆಯಂತೆ, ಮರ್ಯಾದೆ! ಪಡಸಾಲೆಯಲ್ಲಿ ಗಂಡಸರು ಸಾಲಾಗಿ ತಾಟು ಮುಂದಿಟ್ಟುಕೊಂಡು ಕೂತಿರುತ್ತಿದ್ದರು. ನಮ್ಮಜ್ಜ ಅಂದರೆ ಮುತ್ಯಾ, ನಮ್ಮಪ್ಪ, ಶನಿವಾರ ಕುಷ್ಟಗಿಯಿಂದ ನೌಕರಿ ಮುಗಿಸಿ ಬರುತ್ತಿದ್ದ ದೊಡ್ಡಪ್ಪ. ಅವ್ವ ಅಡುಗೆ ಮನೆಯ ಹೊಸ್ತಿಲಿಗೆ ಬಂದು ನಿಲ್ಲಬೇಕು. ಪಲ್ಲೆ ಒಂದು ತುತ್ತು, ಸಾರು ಒಂದು ಗುಟುಕು, ರೊಟ್ಟಿ ಒಂದು ಚೂರು, ಎಲ್ಲರ ಕಣ್ಣೆದುರು ಬಾಯಿಗೆ ಹಾಕಿಕೊಂಡು ನುಂಗಬೇಕು. ನುಂಗಿದ್ದು ಗಂಟಲಲ್ಲಿ ಇಳಿಯುವವರೆಗೂ ಯಾರೂ ತಾಟಿಗೆ ಕೈ ಹಾಕುತ್ತಿರಲಿಲ್ಲ. ಒಲೆಯ ಪಕ್ಕ ನಿಂತ ನಮ್ಮ ದೊಡ್ಡವ್ವ ಅವಳ ಮುಖವನ್ನೇ ನೋಡುತ್ತ ಸ್ವಲ್ಪ ತಡೆದು, ಆಮೇಲೆ ಹೇಳುತ್ತಿದ್ದಳು:

"ಹೂಂ, ನೀಡ್ರಿ."

ಆಗ ಬಡಿಸುತ್ತಿದ್ದರು, ಊಟ ಶುರುವಾಗುತ್ತಿತ್ತು. ದಿನಾ ಎರಡು ಹೊತ್ತು, ಹಬ್ಬ ಹುಣ್ಣಿಮೆ ಬಿಡದೆ. ಬೇರೆ ಮನೆಗಳಲ್ಲಿ ಸೊಸೆಯಂದಿರು ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದು ಉಣ್ಣುತ್ತಿದ್ದರಲ್ಲ, ನಾನು ಆ ಮನೆಗಳ ಹುಡುಗಿಯರನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದೆ ಅಂದರೆ ನೀವು ನಂಬುತ್ತೀರಾ? ನಮ್ಮವ್ವನನ್ನು ಹೀಗೆ ನಿಲ್ಲಿಸಿದ್ದು ಒಂದು ಹಿಡಿ ಅಣಬೆ. ಅಂಗೈಯಲ್ಲಿ ನಾಲ್ಕೈದು ಹಿಡಿಯುವಷ್ಟು ಸಣ್ಣದು, ಯಾತಕ್ಕೂ ಬಾರದ್ದು, ದನ ಕೂಡ ಮೂಸಿ ಬಿಡುವಂಥದ್ದು. ಅದನ್ನು ಹುಡುಕಿ ಗುರುತು ಹಿಡಿಯುವುದರಲ್ಲೇ ನನ್ನ ಹುಡುಗುತನ ಕಳೆಯಿತು. ಉಳಿದವರು ಕುಂಟಾಬಿಲ್ಲೆ ಆಡಿ ದೊಡ್ಡವರಾದರು. ನಾನು ಸಿಟ್ಟು ಮಾಡಿಕೊಂಡೇ ದೊಡ್ಡವಳಾದೆ.

ನಮ್ಮ ಊರು ಇರಕಲ್ಲಗಡದ ಆಚೆ, ಬಂಡೆಗಲ್ಲಿನ ಗುಡ್ಡದ ಬುಡಕ್ಕಿದೆ. ಮಣ್ಣಿನ ಮಾಳಿಗೆಯ ಮನೆ ನಮ್ಮದು. ಮುಂದೆ ಕಟ್ಟೆ, ಒಳಗೆ ಕಾಲಿಟ್ಟರೆ ಎಡಕ್ಕೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಕತ್ತಲ ಅಡುಗೆ ಮನೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ಕಂಬದಂತೆ ಒಲೆಯ ಮುಂದೆ ಬೀಳುತ್ತಿತ್ತು. ಆ ಬೆಳಕು ಬೀಳುವ ಜಾಗ ದೊಡ್ಡವ್ವನದು. ಅವಳು ಮನೆಗೆ ಹಿರಿಸೊಸೆ, ಮುತ್ಯಾನ ಹೆಂಡತಿ ಸತ್ತ ಮೇಲೆ ಬೀಗದ ಕೈ ಸೊಂಟಕ್ಕೆ ಸಿಗಿಸಿಕೊಂಡವಳು. ಉಪ್ಪು ಎಷ್ಟು, ಎಣ್ಣೆ ಎಷ್ಟು, ಯಾರಿಗೆ ಎಷ್ಟು ರೊಟ್ಟಿ, ಎಲ್ಲ ಅವಳ ಬಾಯಲ್ಲಿತ್ತು. ನಮ್ಮವ್ವ ನೀಲವ್ವ ಗಂಗಾವತಿ ಕಡೆಯವಳು, ಕಾಲುವೆ ನೀರಿನ ಊರಿನವಳು, ಅನ್ನ ಉಂಡು ಬೆಳೆದವಳು. ಬಂದ ಹೊಸದರಲ್ಲಿ ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲವಂತೆ. ಅಷ್ಟು ಸಾಕಲ್ಲ ದೊಡ್ಡವ್ವನಿಗೆ. "ನಮ್ಮ ನೀಲವ್ವಗ ರೊಟ್ಟಿ ಬಡೀರಿ ಅಂದ್ರ ಕೈ ಹರೀತಾವ, ಅನ್ನ ಬಸೀರಿ ಅಂದ್ರ ಕುಣೀತಾಳ" ಎಂದು ಓಣಿಯ ಹೆಂಗಸರ ಮುಂದೆ ಆಡಿಕೊಳ್ಳುತ್ತಿದ್ದಳು. ಅವ್ವ ತಿರುಗಿ ಒಂದು ಮಾತು ಆಡುತ್ತಿರಲಿಲ್ಲ. ಅವಳು ಮೆತ್ತಗಿನವಳು ಎಂದು ಎಲ್ಲರೂ ತಿಳಿದಿದ್ದರು, ನಾನೂ.

ಒಂದು ವಿಷಯದಲ್ಲಿ ಮಾತ್ರ ಅವ್ವನನ್ನು ಹಿಡಿಯುವವರಿರಲಿಲ್ಲ. ಭತ್ತದ ಹುಲ್ಲಿನ ಬಣವೆಯ ಬುಡದಲ್ಲಿ ಏಳುವ ಅಣಬೆ ಆರಿಸುತ್ತ ಬೆಳೆದ ಕೈ ಅದು. ನಮ್ಮ ಗುಡ್ಡದಲ್ಲಿ ಮುಂಗಾರಿನ ಮೊದಲ ಗುಡುಗು ಆದ ಮೇಲೆ ಹುತ್ತದ ಮಗ್ಗುಲಲ್ಲಿ ಅಣಬೆ ಏಳುತ್ತದೆ. ಚೂಪು ತಲೆ, ಕಡ್ಡಿಯಂಥ ಕಾಲು, ನೆಲದೊಳಗೆ ಮೊಳದುದ್ದ ಬೇರು. ಎಳೆದರೆ ಬೇರು ಸಮೇತ ಬರಬೇಕು, ಬಂದರೆ ಅದು ಹುತ್ತದ್ದು, ಉಣ್ಣುವಂಥದ್ದು. ಅವ್ವ ಬೇರು ಇಲ್ಲದ್ದನ್ನು ಒಂದನ್ನೂ ಬುಟ್ಟಿಗೆ ಹಾಕುತ್ತಿರಲಿಲ್ಲ. ತಂದದ್ದನ್ನು ಅರಿಷಿಣ ಕಲಸಿದ ನೀರಿನಲ್ಲಿ ಮುಳುಗಿಸಿ ಇಡುವುದು ನಮ್ಮ ಮನೆಯ ರೂಢಿ. ಅರಿಷಿಣ ಹಾಕಿದರೆ ವಿಷ ಸಾಯುತ್ತದೆ, ಹುಳ ತೇಲಿ ಬರುತ್ತವೆ ಎಂದು ಮುತ್ಯಾನ ಹೆಂಡತಿ ಹಾಕಿದ ಪದ್ಧತಿ. ಊರಲ್ಲೂ ಎಲ್ಲರೂ ಹಾಗೇ ಮಾಡುತ್ತಿದ್ದರು. ಹುಳದ ಮಾತು ಖರೆ. ವಿಷದ ಮಾತು ಬರೀ ಸುಳ್ಳು. ಆ ಅರಿಷಿಣವೇ ನಮ್ಮವ್ವನ ಕುತ್ತಿಗೆಗೆ ಬಂದದ್ದು, ಅದನ್ನು ಮುಂದೆ ಹೇಳುತ್ತೇನೆ.

ನನಗೆ ಒಂಬತ್ತೋ ಹತ್ತೋ ವಯಸ್ಸು. ಊರಿಗೆ ಆಗಷ್ಟೇ ಎಸ್.ಟಿ.ಡಿ. ಡಬ್ಬಿ ಬಂದಿತ್ತು. ದೊಡ್ಡವ್ವನ ಅಣ್ಣ ತಾವರಗೇರಾದಿಂದ ಫೋನು ಮಾಡಿ ಊಟಕ್ಕೆ ಬರುತ್ತೇನೆಂದು ಹೇಳಿದ್ದ. ಅವತ್ತು ಬೆಳಿಗ್ಗೆ ಅವ್ವ, ನಾನು ಗುಡ್ಡಕ್ಕೆ ಹೋಗಿ ಒಂದು ಬುಟ್ಟಿಯಷ್ಟು ಹುತ್ತದ ಅಣಬೆ ತಂದಿದ್ದೆವು. ಅವ್ವ ಅದರ ಬೇರು ತೆಗೆದು, ಹೆಚ್ಚಿ, ಅರಿಷಿಣ ನೀರಿನ ಬೋಗುಣಿಯಲ್ಲಿ ಹಾಕಿ, ಹಿತ್ತಲಲ್ಲಿ ಖಾರ ಅರೆಯಲು ಕೂತಳು. ಸಂಜೆ ಪಲ್ಲೆ ಕುದಿಯುವಾಗ ಮನೆಯೊಳಗೆ ಒಂದು ವಾಸನೆ ಬಂತು. ಅಣಬೆ ಪಲ್ಲೆಗೆ ಮಣ್ಣಿನ ಘಮ ಇರುತ್ತದೆ, ಇದು ಅದಲ್ಲ. ಮೂಗಿನ ತುದಿಯಲ್ಲಿ ಚುರ್ರೆನ್ನುವ ವಾಸನೆ. ಅವ್ವ ಕೂಡ, "ಇದೇನಿದು, ಸೀಮೆಎಣ್ಣಿ ಬಿತ್ತೇನು ಒಲ್ಯಾಗ?" ಅಂದದ್ದು ನನಗೆ ನೆನಪಿದೆ. ದೊಡ್ಡವ್ವ, "ಹಸೀ ಕಟ್ಟಿಗಿ ವಾಸ್ನಿ ಅದು, ಸುಮ್ನ ತಿರುವು" ಅಂದಳು. ಗಂಡಸರು ಉಂಡರು, ಮಕ್ಕಳು ಉಂಡೆವು. ಬೀಗರು ಬಂದಾಗ ಹೆಂಗಸರದು ಕೊನೆಯ ಪಾಳಿ. ಅವ್ವ ತಾಟು ಹಾಕಿಕೊಳ್ಳುವುದರೊಳಗೆ ಪಡಸಾಲೆಯಲ್ಲಿ ಮುತ್ಯಾ ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದ. ಆಮೇಲೆ ಅಪ್ಪ. ಆಮೇಲೆ ದೊಡ್ಡವ್ವನ ಅಣ್ಣ, ಅವನಂತೂ ಅಂಗಳ ದಾಟಲೂ ಪುರಸೊತ್ತಾಗದೆ ಅಂಗಳದಲ್ಲೇ ಕಾರಿಕೊಂಡ. ನಾನು ಬಚ್ಚಲ ಕಲ್ಲಿನ ಮೇಲೆ ಬಿದ್ದಿದ್ದೆ. ಅಲ್ಲಿ ಬಿದ್ದುಕೊಂಡೇ ನೋಡಿದೆ, ದೊಡ್ಡವ್ವ ಬಚ್ಚಲ ಮೂಲೆಗೆ ಬಂದು, ಆಚೀಚೆ ನೋಡಿ, ಬೆರಳು ಗಂಟಲಿಗೆ ಹಾಕಿಕೊಂಡು ವಾಂತಿ ಮಾಡಿಕೊಂಡಳು. ಪಾಪ, ಇವಳಿಗೂ ಆಯಿತಲ್ಲ ಅಂದುಕೊಂಡೆ. ಹುಡುಗಿ ಬುದ್ಧಿ, ಅಷ್ಟೇ ಹೊಳೆದದ್ದು.

ಯಾರೂ ಸಾಯಲಿಲ್ಲ. ಮರುದಿನ ಮಜ್ಜಿಗೆ ಕುಡಿದು ಎಲ್ಲರೂ ಎದ್ದು ಕೂತರು. ಎದ್ದು ಕೂತ ಮೇಲೆ ಶುರುವಾಯಿತು ನೋಡ್ರಿ ದೊಡ್ಡವ್ವನ ಬಾಯಿ.

"ಕಾಲುವಿ ನೀರಾಗ ಬೆಳದಾಕಿಗೆ ಗುಡ್ಡದ ಅಣಬಿ ಏನ್ ಗುರುತಾಗತೈತ್ರಿ ಮಾವಾ? ಸಿಕ್ಕಿದ್ದು ಕಿತಗೊಂಡು ಬಂದಾಳ. ಗುರುತಾಗದ ತಂದಾಳೋ, ಗುರುತಾಗಿನ ತಂದಾಳೋ, ಆ ದೇವರಿಗೆ ಗೊತ್ತು. ಉಪ್ಪು ನೋಡಾಕ ಒಂಚೂರು ನೆಕ್ಕಿದ್ದಕ್ಕ ನಾನೂ ಕಾರಿಕೊಂಡೆ, ನೀವೆಲ್ಲಾರೂ ಕಾರಿಕೊಂಡ್ರಿ. ಅಡಿಗಿ ಮಾಡಿದಾಕಿ ಒಬ್ಬಾಕಿನ ನೆಟ್ಟಗ ನಿಂತಾಳ ನೋಡ್ರಿ!"

"ನಾ ಇನ್ನೂ ಉಂಡಿದ್ದಿಲ್ಲರಿ ಅಕ್ಕಾ" ಅಂದಳು ಅವ್ವ.

"ಅದ ಮತ್ತ ನಾ ಹೇಳೂದು. ಯಾಕ ಉಂಡಿದ್ದಿಲ್ಲ?"

ಈ ಮಾತಿಗೆ ಏನು ಉತ್ತರ ಕೊಡುತ್ತೀರಿ? ಕೊನೆಗೆ ಉಣ್ಣಬೇಕೆಂದು ನಿಯಮ ಮಾಡಿದವರೂ ಅವರೇ, ಕೊನೆಗೆ ಉಂಡದ್ದಕ್ಕೆ ಕಳ್ಳಿ ಅಂದವರೂ ಅವರೇ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಎತ್ತಿಗೆ ನೀರು ಕುಡಿಸಬೇಕೆಂದು ಎದ್ದು ಹೋದ. ಎತ್ತಿಗೆ ಆಗಲೇ ನೀರು ಕುಡಿಸಿಯಾಗಿತ್ತು, ನಾನೇ ಕುಡಿಸಿದ್ದೆ. ಅಪ್ಪನ ಮೇಲಿನ ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಮುತ್ಯಾ ಗಡ್ಡ ಕೆರೆದುಕೊಂಡು, "ಏನ್ ಮಾಡೂಣು ಅಂತಿ?" ಎಂದು ಹಿರಿಸೊಸೆಯನ್ನೇ ಕೇಳಿದ. ಅವಳು ತಯಾರಾಗಿಯೇ ನಿಂತಿದ್ದಳು. "ಇನ್ನ ಮ್ಯಾಲ ಅಕಿ ಮಾಡಿದ್ದು ಅಕಿನ ಮೊದ್ಲು ಉಣ್ಲಿ. ಎಲ್ಲಾರ ಮುಂದ." ಮುತ್ಯಾ ತಲೆ ಆಡಿಸಿದ. ಆಯಿತಲ್ಲ, ಮುಗಿಯಿತು.

ಮನೆಯಲ್ಲಿ ಇಷ್ಟಾದರೆ ಊರು ಸುಮ್ಮನಿರುತ್ತದೆಯೇ? ನಮ್ಮ ಕಡೆ ಯಾರ ಮನೆಯಲ್ಲಿ ಮದುವೆ, ಮುಂಜಿ, ತೊಟ್ಟಿಲು ಆದರೂ ಓಣಿಯ ಹೆಂಗಸರು ಸೇರಿ ರೊಟ್ಟಿ ಬಡಿಯುತ್ತಾರೆ. ಕರೆಯಲು ಬರುವವರು ದೊಡ್ಡವ್ವನನ್ನು ಕರೆದು, ನಮ್ಮವ್ವನ ಕಡೆ ನೋಡಿ, "ನೀಲವ್ವಾ, ನೀನೂ ಊಟಕ್ಕ ಬಾ" ಅಂದು ಹೋಗುತ್ತಿದ್ದರು. ಊಟಕ್ಕೆ. ಕೆಲಸಕ್ಕಲ್ಲ. ಹಿಟ್ಟು ಮುಟ್ಟಲು ಬೇಡ. ಅದು ಎಂಥ ಹೊಡೆತ ಅಂತ ಗೊತ್ತಾಗಬೇಕಾದರೆ ನಮ್ಮಂಥ ಊರಲ್ಲಿ ಹೆಣ್ಣಾಗಿ ಬಾಳ್ವೆ ಮಾಡಿರಬೇಕು. ಸಾಲೆಯಲ್ಲಿ ನನ್ನ ಬುತ್ತಿಯ ರೊಟ್ಟಿ ಯಾರೂ ಹಂಚಿಕೊಳ್ಳುತ್ತಿರಲಿಲ್ಲ. "ಇಕಿ ಅವ್ವನ ಕೈಯಾಗಿಂದು ತಿಂದ್ರ ಸೀದಾ ದವಾಖಾನಿ" ಎಂದು ಒಬ್ಬ ಹುಡುಗ ಅಂದ. ಅವನ ಕೈ ಕಚ್ಚಿದೆ, ಮಾಸ್ತರರಿಂದ ಹೊಡೆತ ತಿಂದೆ. ಕಚ್ಚಿದ್ದು ಒಳ್ಳೆಯದೇ ಆಯಿತು ಅಂತಲೇ ಈಗಲೂ ಅನ್ನುತ್ತೇನೆ.

ಅವ್ವ ಹೊಸ್ತಿಲಲ್ಲಿ ನಿಂತು ನುಂಗುವಾಗ ನಾನು ಕಂಬದ ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದೆ. ದೊಡ್ಡವ್ವನಿಗೆ ಏನೇನು ಮಾಡಬೇಕೆಂದು ಯೋಚಿಸುತ್ತಿದ್ದೆನೋ ಅದನ್ನೆಲ್ಲ ಇಲ್ಲಿ ಬರೆದರೆ ನನ್ನನ್ನು ರಾಕ್ಷಸಿ ಅನ್ನುತ್ತೀರಿ. ಅವಳ ಸೀರೆಗೆ ತುರಿಕೆ ಸೊಪ್ಪು ಉಜ್ಜಿದ್ದೆ. ಅವಳ ಮೊಸರಿನ ಗಡಿಗೆಗೆ ಉಪ್ಪು ಸುರಿದಿದ್ದೆ. ಅದರಿಂದ ಏನೂ ಆಗಲಿಲ್ಲ, ಉಪ್ಪು ಹಾಕಿದ್ದೂ ನಮ್ಮವ್ವನೇ ಎಂದಾಯಿತು. ಅವತ್ತು ಅವ್ವ ನನ್ನ ಕಿವಿ ಹಿಂಡಿ, "ಇಂಥಾ ಸಣ್ಣ ಕೆಲಸ ಮಾಡಬ್ಯಾಡ" ಅಂದಳು. ಸಣ್ಣ ಕೆಲಸ ಬೇಡವಾದರೆ ದೊಡ್ಡದೇ ಮಾಡುತ್ತೇನೆ ಅಂದುಕೊಂಡೆ.

ದಾರಿ ತೋರಿಸಿದ್ದು ಸರಕಾರಿ ದವಾಖಾನೆ. ಕಾಲಿಗೆ ಮೊಳೆ ಚುಚ್ಚಿಕೊಂಡು ಸೂಜಿ ಹಾಕಿಸಿಕೊಳ್ಳಲು ಅವ್ವನ ಜೊತೆ ಇರಕಲ್ಲಗಡಕ್ಕೆ ಹೋಗಿದ್ದೆ. ಅಲ್ಲಿ ನೆಲ ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದೆ. ಅದೇ ವಾಸನೆ! ಅವತ್ತು ಸಂಜೆ ಪಲ್ಲೆ ಕುದಿಯುವಾಗ ಬಂದದ್ದು ಇದೇ ಫಿನಾಯಿಲು ವಾಸನೆ. ಹುತ್ತದ ಅಣಬೆಯನ್ನು ನಾನು ಎಷ್ಟೋ ಸಲ ಮೂಸಿದ್ದೇನೆ, ಅದಕ್ಕೆ ಈ ವಾಸನೆ ಇಲ್ಲವೇ ಇಲ್ಲ. ಅಂದರೆ ಆ ಪಲ್ಲೆಯಲ್ಲಿ ಅವ್ವ ತಾರದ್ದು ಏನೋ ಇತ್ತು. ಸೂಜಿ ಹಾಕಿದ್ದು ಗೊತ್ತೇ ಆಗಲಿಲ್ಲ ನನಗೆ.

ಅಲ್ಲಿಂದ ಮಳೆಗಾಲ ಬಂತೆಂದರೆ ಸಾಕು, ನಾಯಿಯಂತೆ ಮೂಸುತ್ತ ತಿರುಗುತ್ತಿದ್ದೆ. ತಿಪ್ಪೆಯ ಅಣಬೆ, ಸಗಣಿಯ ಅಣಬೆ, ಕೊಳೆತ ತೊಲೆಯ ಮೇಲಿನ ಅಣಬೆ, ಕಾರಿಗಿಡದ ಬುಡದ್ದು, ಬೇವಿನ ಬುಡದ್ದು. ಕಿತ್ತು, ಮುರಿದು, ಮೂಸಿ ಬಿಸಾಡುತ್ತಿದ್ದೆ. ಒಂದಕ್ಕೆ ಹುಳಿ ವಾಸನೆ, ಒಂದಕ್ಕೆ ಮೀನಿನ ವಾಸನೆ, ಒಂದಕ್ಕೆ ಏನೂ ಇಲ್ಲ. ಊರವರು ನೀಲವ್ವನ ಮಗಳಿಗೆ ತಲೆ ಕೆಟ್ಟಿದೆ ಅಂದರು. ಅನ್ನಲಿ. ಒಂದು ಮಳೆಗಾಲ ಬರಿದೇ ಹೋಯಿತು. ಮತ್ತೊಂದು ವರ್ಷ ಮಳೆಯೇ ಸರಿಯಾಗಿ ಆಗಲಿಲ್ಲ. ಅವ್ವ ಮಾತ್ರ ದಿನಾ ಹೊಸ್ತಿಲಲ್ಲಿ ನಿಲ್ಲುತ್ತಲೇ ಇದ್ದಳು.

ಸಿಕ್ಕಿದ್ದು ನಮ್ಮದೇ ಹುಣಸೆ ತೋಪಿನಲ್ಲಿ. ಗುಡ್ಡದ ಕಾಡು ಮುಗಿದು ಹೊಲ ಶುರುವಾಗುವ ಕಡೆ ನಮ್ಮ ಮನೆಯ ಹುಣಸೆ ಗಿಡಗಳು ಒತ್ತಾಗಿ ನಿಂತಿವೆ. ಒಳಗೆ ಹೊಕ್ಕರೆ ಮಧ್ಯಾಹ್ನವೂ ತಂಪು, ನೆಲದ ತುಂಬ ಉದುರೆಲೆಯ ಹಾಸಿಗೆ. ಹುಣಸೆ ಚಿಗುರು, ಹಣ್ಣು, ಕಟ್ಟಿಗೆ ಎಲ್ಲ ದೊಡ್ಡವ್ವನ ಸುಪರ್ದಿ, ಬೇರೆಯವರು ಕಾಲಿಟ್ಟರೆ ಬೈಗುಳ. ಅವಳು ಇಲ್ಲದ ಹೊತ್ತು ನೋಡಿ ಹೊಕ್ಕೆ. ಎಲೆ ಸರಿಸಿದರೆ ಅಂಗಿಯ ಬಿಳಿ ಗುಂಡಿಯಂತೆ ಸಾಲಾಗಿ ನಿಂತಿದ್ದವು. ಸಣ್ಣ ಅಣಬೆ, ನೆತ್ತಿ ಮೇಲೆ ತುಸು ಕಂದು, ಕಾಲಿಗೆ ಉಂಗುರದ ಹಾಗೆ ಒಂದು ತೆಳು ಪದರು, ಕೊಡೆಯ ಕೆಳಗಿನ ಗೆರೆಗಳು ಎಳೆಯದರಲ್ಲಿ ಗುಲಾಬಿ, ಬಲಿತದ್ದರಲ್ಲಿ ಚಹಾಪುಡಿ ಬಣ್ಣ. ಎಳೆದೆ. ಬೇರಿಲ್ಲ, ಸಲೀಸಾಗಿ ಬಂತು. ಮೂಸಿದೆ. ಇತ್ತು, ತೆಳ್ಳಗೆ ಇತ್ತು, ದವಾಖಾನೆ ವಾಸನೆ! ಖಾತ್ರಿ ಮಾಡಿಕೊಳ್ಳಲು ಬೆರಳಿನಿಂದ ಉಜ್ಜಿ ಮತ್ತೆ ಮೂಸಿದೆ. ಉಜ್ಜಿದ ಕಡೆ ನೋಡನೋಡುತ್ತ ಹಳದಿಯಾಯಿತು. ಕಾಲಿನ ಬುಡ ಉಗುರಿನಿಂದ ಸೀಳಿದರೆ ಅರಿಷಿಣ ಹಚ್ಚಿದಂತೆ ಹಳದಿ.

ಉದುರೆಲೆಯ ಮೇಲೆ ಕೂತುಬಿಟ್ಟೆ. ಈಗ ತಿಳಿಯಿತು ನೋಡ್ರಿ. ಮುಟ್ಟಿದರೆ ಹಳದಿಯಾಗುವುದು ಈ ಅಣಬೆಯ ಗುರುತು. ಅರಿಷಿಣ ಹತ್ತದೆ ಕೈಗೆ ಸಿಕ್ಕಿದ್ದರೆ ನಮ್ಮವ್ವ ಆ ಕ್ಷಣಕ್ಕೆ ಹಿಡಿದು ಎಸೆಯುತ್ತಿದ್ದಳು. ನಾವು ಏನು ಮಾಡುತ್ತಿದ್ದೆವು? ಎಲ್ಲ ಅಣಬೆಯನ್ನೂ ಅರಿಷಿಣ ನೀರಿನಲ್ಲಿ ಅದ್ದಿ ಮೊದಲೇ ಹಳದಿ ಮಾಡಿ ಇಡುತ್ತಿದ್ದೆವು. ಬೋಗುಣಿಯಲ್ಲಿ ಯಾವುದು ಹುತ್ತದ್ದು, ಯಾವುದು ಇದು, ಯಾರಿಗೆ ಗೊತ್ತಾಗಬೇಕು? ವಿಷ ಸಾಯಿಸಲೆಂದು ಹಾಕಿದ್ದು ವಿಷವನ್ನು ಮುಚ್ಚಿಟ್ಟಿತು.

ಬೋಗುಣಿಗೆ ಇದನ್ನು ಸುರಿದವರು ಯಾರೆಂದು ಹೇಳಿದ್ದು ರೇಣಕ್ಕ, ದೊಡ್ಡವ್ವನ ಮಗಳು. ಅವಳಿಗೆ ಮದುವೆಯಾಗಿ, ಆಗ ಬಸುರಿ, ಸೀಮಂತದ ಕುಬಸಕ್ಕೆಂದು ತವರಿಗೆ ಬಂದಿದ್ದಳು. ಒಳ್ಳೆಯ ಜೀವ. ಸುಮ್ಮನೆ ಮಾತಿಗೆ ಮಾತು ತೆಗೆದೆ, ತೋಪಿನಲ್ಲಿ ಅಣಬೆ ಎದ್ದಿವೆ ಎಂದು.

"ಹೌದೇನ? ಅವು ಭಾಳ ವರ್ಷದಿಂದ ಏಳ್ತಾವವ್ವಾ. ಅವತ್ತು ಮಾಮಾ ಬಂದಾಗ ನಾನೂ ಅವ್ವನೂ ಉಡಿತುಂಬ ತಂದಿದ್ವಿ. ಪಲ್ಲೆ ಸಾಲೂದಿಲ್ಲ, ನಮ್ಮಣ್ಣನ ಮುಂದ ಮರ್ಯಾದಿ ಹೋಗತೈತಿ ಅಂತ ನಮ್ಮವ್ವ ಹೆಚ್ಚಿ ಬೋಗುಣಿಗೆ ಹಾಕಿದ್ಲು. ಯಾರ ಮುಂದೂ ಅನಬ್ಯಾಡ ಅಂದಿದ್ಲು."

ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಅವಳಿಗೆ ಆಗ ಹೊಳೆಯಿತೋ, ಮೊದಲೇ ಹೊಳೆದಿತ್ತೋ, ನಾನು ಕೇಳಲಿಲ್ಲ. ನನಗೆ ಬಚ್ಚಲ ಮೂಲೆ ನೆನಪಾಯಿತು, ಗಂಟಲಿಗೆ ಹೋದ ಬೆರಳು ನೆನಪಾಯಿತು. ಅಣಬೆ ಕಲಬೆರಕೆ ಮಾಡಿದ್ದು ಗೊತ್ತಿಲ್ಲದೆ ಆದದ್ದಿರಬಹುದು, ಒಪ್ಪುತ್ತೇನೆ. ಆದರೆ ಮುತ್ಯಾ ಮೊದಲ ಸಲ ಹೊಟ್ಟೆ ಹಿಡಿದುಕೊಂಡ ಕ್ಷಣಕ್ಕೇ ಅವಳಿಗೆ ತಿಳಿದಿತ್ತು. ತಿಳಿದೇ ಅವಳು ದಿನಾ ಒಲೆಯ ಪಕ್ಕ ನಿಂತು ನಮ್ಮವ್ವನ ಗಂಟಲು ನೋಡುತ್ತಿದ್ದಳು. ತಿಳಿದೇ "ಹೂಂ, ನೀಡ್ರಿ" ಅನ್ನುತ್ತಿದ್ದಳು.

ಅವತ್ತೇ ಹೋಗಿ ಮುತ್ಯಾನಿಗೆ ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕು ಗೋಡೆಯ ಒಳಗೆ ಹೇಳಿದರೆ ನಾಲ್ಕು ಗೋಡೆಯ ಒಳಗೇ ಮುಚ್ಚಿ ಹಾಕುತ್ತಾರೆ. ನಮ್ಮವ್ವನ ಹೆಸರು ಊರ ಮುಂದೆ ಹೋಗಿತ್ತು, ಊರ ಮುಂದೆಯೇ ಬರಬೇಕು. ನಾಲ್ಕೇ ದಿನದಲ್ಲಿ ಕುಬಸ. ಓಣಿಯ ಹೆಂಗಸರೆಲ್ಲ ನಮ್ಮ ಅಂಗಳಕ್ಕೆ ಬರುತ್ತಾರೆ, ತಾವರಗೇರಾದ ಮಾಮಾನೂ ಬರುತ್ತಾನೆ, ದೊಡ್ಡವ್ವನಿಗೆ ಅದಕ್ಕಿಂತ ದೊಡ್ಡ ದಿನ ಇಲ್ಲ. ಅದೇ ದಿನ ಬೇಕಾಗಿತ್ತು ನನಗೆ. ಬೇಕೆಂತಲೇ ಆರಿಸಿಕೊಂಡೆ.

ಕುಬಸದ ದಿನ ಬೆಳಿಗ್ಗೆ ಅಂಗಳದಲ್ಲಿ ಕಲ್ಲಿಟ್ಟು ಒಲೆ ಹೂಡಿದ್ದರು. ಹೆಂಗಸರು ಸುತ್ತ ಕೂತು ರೊಟ್ಟಿ ಬಡಿಯುತ್ತ, ರೇಣಕ್ಕನನ್ನು ಚಾಷ್ಟಿ ಮಾಡುತ್ತ ನಗುತ್ತಿದ್ದರು. ದೊಡ್ಡವ್ವ ಹೊಸ ಇಳಕಲ್ ಸೀರೆ ಉಟ್ಟು ಓಡಾಡುತ್ತಿದ್ದಳು. ನಮ್ಮವ್ವನಿಗೆ ನೀರು ಹೊರುವ, ಕಟ್ಟಿಗೆ ತರುವ ಕೆಲಸ. ತನ್ನದೇ ಮನೆಯಲ್ಲಿ, ತನ್ನದೇ ಅಂಗಳದಲ್ಲಿ! ಕಟ್ಟೆಯ ಮೇಲೆ ಮುತ್ಯಾ, ಅಪ್ಪ, ದೊಡ್ಡಪ್ಪ, ಮಾಮಾ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ನಾನು ಸೂರ್ಯ ಏರುವ ಮೊದಲೇ ತೋಪಿಗೆ ಹೋಗಿ ಮೊರದ ತುಂಬ ಆ ಸಣ್ಣ ಅಣಬೆ ಆರಿಸಿಕೊಂಡು ಬಂದಿದ್ದೆ. ಮೊರ ಹಿಡಿದು ಅಂಗಳಕ್ಕೆ ಬಂದು, ಒಂದು ಒಲೆಯ ಮುಂದೆ ಕೂತು, ಕಾದ ಹಂಚಿನ ಮೇಲೆ ಒಂದು ಹಿಡಿ ಸುರಿದೆ.

"ಏ ಹುಡುಗಿ, ರೊಟ್ಟಿ ಹಂಚಿನ ಮ್ಯಾಲ ಏನ್ ಹಾಕ್ತಿ?" ಎಂದು ಯಾರೋ ಕೂಗಿದರು.

ಅಣಬೆ ಚುಯ್ಯೆಂದಿತು, ನೀರು ಬಿಟ್ಟಿತು, ಅಂಚು ಹಳದಿಯಾಯಿತು. ವಾಸನೆ ಎದ್ದಿತು ನೋಡ್ರಿ! ಗಾಳಿ ಕಟ್ಟೆಯ ಕಡೆಗೇ ಬೀಸುತ್ತಿತ್ತು, ದೇವರು ನನ್ನ ಕಡೆ ಇದ್ದ. ಮೊದಲು ಮುತ್ಯಾ ಎಲೆ ಅಡಿಕೆ ಉಗುಳಿ ಎದೆ ಹಿಡಿದುಕೊಂಡ. ಅಪ್ಪ ಮುಖ ಹಿಂಡಿದ. ಮಾಮಾ ಟವೆಲು ಮೂಗಿಗೆ ಒತ್ತಿಕೊಂಡು ಕಟ್ಟೆಯಿಂದ ಇಳಿದೇ ಬಿಟ್ಟ.

"ಅಯ್ಯ ಇದರ ಮನಿ ಹಾಳಾಗ! ಅವತ್ತಿನ ವಾಸ್ನಿ ಇದು! ನಾ ಅಂಗಳದಾಗ ಕಾರಿಕೊಂಡ್ನೆಲ್ಲ, ಅವತ್ತಿಂದು! ಎಲ್ಲಿಂದ ತಂದಿ ಇದನ್ನ?"

ಇಷ್ಟು ಬೇಕಿತ್ತು ನನಗೆ. ಎದ್ದು ನಿಂತೆ. "ಹುಣಸಿ ತೋಪಿನಾಗಿಂದ್ರಿ ಮಾಮಾ. ಹುತ್ತದ್ದಲ್ಲ. ನೋಡ್ರಿ, ಇದಕ್ಕ ಬೇರಿಲ್ಲ. ತಿಕ್ಕಿದ್ರ ಹಳದಿ ಆಗತೈತಿ. ನಮ್ಮವ್ವ ಬೇರಿಲ್ಲದ್ದು ಒಂದೂ ತರಂಗಿಲ್ಲ, ತೋಪಿಗೆ ಕಾಲೂ ಇಡಂಗಿಲ್ಲ. ಅವತ್ತು ತೋಪಿಂದ ಉಡಿತುಂಬ ತಂದು ಬೋಗುಣಿಗೆ ಸುರಿದಾಕಿ ನಿಮ್ಮ ತಂಗಿ. ಬೇಕಾದ್ರ ರೇಣಕ್ಕನ್ನ ಕೇಳ್ರಿ, ಅಕಿನೂ ಜೋಡಿ ಇದ್ದಳು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಎಲ್ಲರೂ ರೇಣಕ್ಕನ ಕಡೆ ತಿರುಗಿದರು. ಅವಳು ಹಸಿರು ಬಳೆ ತುಂಬಿದ ಕೈಯಿಂದ ಹೊಟ್ಟೆ ಹಿಡಿದುಕೊಂಡು, ತಾಯಿಯ ಮುಖ ನೋಡಿ, ನೆಲ ನೋಡಿ, "ಹೌದು" ಅಂದಳು. ದೊಡ್ಡವ್ವ ನನ್ನ ಕೆನ್ನೆಗೆ ಹೊಡೆಯಲು ಬಂದಳು. ಓಣಿಗೆಲ್ಲ ಹಿರಿಯಳಾದ ಸಂಗಮ್ಮಾಯಿ ಕೂತಲ್ಲಿಂದಲೇ ಅವಳ ಸೆರಗು ಹಿಡಿದು ಎಳೆದಳು.

"ಹುಡುಗಿನ್ನ ಯಾಕ ಹೊಡೀತಿ? ಖರೇ ಏನು ಅದನ್ನ ಹೇಳು."

"ನನಗೇನ್ ಗೊತ್ತಿತ್ತಬೇ ಆಯಿ ಅವು ಹಿಂಥಾವು ಅಂತ! ನಾನೂ ಕಾರಿಕೊಂಡೆ..."

"ಬೆರಳು ಹಾಕ್ಕೊಂಡು ಕಾರಿಕೊಂಡಿ" ಅಂದೆ ನಾನು. "ಬಚ್ಚಲದಾಗ. ನಾ ಅಲ್ಲೇ ಬಿದ್ದಿದ್ದೆ. ನೋಡೀನಿ."

ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟು ವರ್ಷ ಮಾತಾಡಿದ ಬಾಯಿ! ಅದು ಮುಚ್ಚಿದ್ದನ್ನು ನೋಡಿ ನನಗೆ ಆದ ಸುಖವಿದೆಯಲ್ಲ, ಅಂಥದ್ದು ಆಮೇಲೆ ನನ್ನ ಮದುವೆಯಲ್ಲೂ ಆಗಲಿಲ್ಲ, ನೌಕರಿ ಸಿಕ್ಕಾಗಲೂ ಆಗಲಿಲ್ಲ. ಸಂಗಮ್ಮಾಯಿ ತನ್ನ ಪರಾತದಿಂದ ಒಂದು ದೊಡ್ಡ ಉಂಡೆ ಹಿಟ್ಟು ಹರಿದು, ನೀರಿನ ಕೊಡ ಹಿಡಿದು ಕಂಬದಂತೆ ನಿಂತಿದ್ದ ನಮ್ಮವ್ವನ ಕಡೆ ಚಾಚಿದಳು. "ಬಾ ನೀಲವ್ವಾ, ಕುಂದ್ರು. ರೊಟ್ಟಿ ಬಡಿ." ಅವ್ವ ಕೊಡ ಇಳಿಸಿ, ಕೈ ತೊಳೆದುಕೊಂಡು, ಕೂತಳು. ಅವಳ ರೊಟ್ಟಿಯ ಸದ್ದು ಉಳಿದವರದಕ್ಕಿಂತ ಜೋರಾಗಿತ್ತು.

ಕುಬಸ ನಿಲ್ಲಿಸುವ ಹಾಗಿರಲಿಲ್ಲ. ಮಧ್ಯಾಹ್ನ ರೇಣಕ್ಕನನ್ನು ಮಣೆಯ ಮೇಲೆ ಕೂರಿಸಿ, ಹೂ ಮುಡಿಸಿ, ಉಡಿ ತುಂಬಿ, ಮುಂದೆ ಹೋಳಿಗೆ, ಕಡುಬು, ಚಿತ್ರಾನ್ನ ಇಟ್ಟರು. ಮೊದಲ ತುತ್ತು ಹೆತ್ತ ತಾಯಿಯ ಕೈಯಿಂದ. ದೊಡ್ಡವ್ವ ಹೋಳಿಗೆಗೆ ತುಪ್ಪ ಸವರಿ ಮಗಳ ಬಾಯಿಯ ಹತ್ತಿರ ಹಿಡಿದಳು. ರೇಣಕ್ಕ ಮುಖ ತಿರುಗಿಸಿದಳು. ಮತ್ತೆ ಹಿಡಿದಳು. ರೇಣಕ್ಕ ತುಟಿ ಬಿಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, ನಮ್ಮವ್ವನ ಕಡೆ ನೋಡಿದಳು. ಎಲ್ಲರೂ ನೋಡಿದರು. ಅಪ್ಪ ಕಟ್ಟೆಯಿಂದಲೇ, "ಆತು ಬಿಡು ನೀಲಾ, ಒಂದು ಮಾತು ಹೇಳು, ಉಣ್ತಾಳ ಹುಡುಗಿ" ಅಂದ. ಬಂತು ನೋಡ್ರಿ ಬಾಯಿ, ಅಷ್ಟು ವರ್ಷ ಎಲ್ಲಿತ್ತೋ!

"ತಿನ್ನವ್ವ, ಏನೂ ಆಗೂದಿಲ್ಲ" ಅಂತ ಅವ್ವ ಅನ್ನುತ್ತಾಳೆ ಎಂದೇ ನಾನು ತಿಳಿದಿದ್ದೆ. ಅವಳು ಮೆತ್ತಗಿನವಳಲ್ಲವೇ. ಅವ್ವ ಎದ್ದು, ಸೆರಗು ಸರಿ ಮಾಡಿಕೊಂಡು, ದೊಡ್ಡವ್ವನ ಎದುರು ಬಂದು ನಿಂತಳು.

"ಅಕ್ಕಾ, ಮೊದ್ಲು ನೀವು ಉಣ್ರಿ. ಎಲ್ಲಾರ ಮುಂದ."

ಅಂಗಳ ತುಂಬ ಹೆಂಗಸರು, ಒಬ್ಬರೂ ಬೇಡ ಅನ್ನಲಿಲ್ಲ. ದೊಡ್ಡವ್ವ ಹೋಳಿಗೆ ಮುರಿದು ತನ್ನ ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಲು ಆಗಲಿಲ್ಲ, ನೀರು ಕೇಳಿದಳು. ಅವ್ವ ತಾನೇ ನೀರು ಕೊಟ್ಟಳು. ಕೊಟ್ಟು, ಅವಳ ಗಂಟಲನ್ನೇ ನೋಡುತ್ತ ನಿಂತಳು. ಕಡುಬು ಮುರಿಸಿದಳು, ಚಿತ್ರಾನ್ನ ತಿನ್ನಿಸಿದಳು, ಒಂದನ್ನೂ ಬಿಡಲಿಲ್ಲ. ಕೊನೆಯದು ಇಳಿದ ಮೇಲೆ ಸ್ವಲ್ಪ ತಡೆದು, ರೇಣಕ್ಕನ ಸುತ್ತ ಕೂತವರ ಕಡೆ ತಿರುಗಿ, "ಹೂಂ, ನೀಡ್ರಿ" ಅಂದಳು. ಇವಳಿಗೂ ಇಷ್ಟು ಸಿಟ್ಟಿತ್ತಲ್ಲ, ಎಲ್ಲಿ ಇಟ್ಟುಕೊಂಡಿದ್ದಳು?

ಮಂದಿ ಹೋದ ಮೇಲೆ ಮುತ್ಯಾ ಅವ್ವನನ್ನು ಕರೆದು, ಇನ್ನು ಮೇಲೆ ಹೊಸ್ತಿಲಲ್ಲಿ ನಿಲ್ಲುವುದು ಬೇಡ ಎಂದು ನೆಲ ನೋಡುತ್ತ ಹೇಳಿದ. ಅವ್ವ ಹೂಂ ಅಂದಳು, ಕಾಲಿಗೆ ಬೀಳಲಿಲ್ಲ.

ನಾನು ಮೊರದಲ್ಲಿ ಉಳಿದಿದ್ದ ಅಣಬೆಯನ್ನು ತಿಪ್ಪೆಗೆ ಚೆಲ್ಲಲು ಹೊರಟಿದ್ದೆ. ಅವ್ವ ತಡೆದಳು. "ಸೂಜಿ ದಾರ ತಾ" ಅಂದಳು. ಕಟ್ಟೆಯ ಮೇಲೆ ಕೂತು, ಆ ಸಣ್ಣ ಅಣಬೆಗಳನ್ನು ಒಂದೊಂದಾಗಿ ಹೂವಿನಂತೆ ಪೋಣಿಸಿದಳು. ಬಿಸಿಲಿಗೆ ಒಣಗಿಸಿ ಅಡುಗೆ ಮನೆಯ ಬಾಗಿಲಿಗೆ ಕಟ್ಟಿದಳು.

"ಯಾಕವ್ವಾ ಇದು?"

"ಇರ್ಲಿ. ಗುರುತಿಗೆ."

ಅದನ್ನು ಬಿಚ್ಚು ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಲಿಲ್ಲ. ಉದುರಿದಾಗ ಮುಂದಿನ ಮಳೆಗೆ ಅವ್ವ ಹೊಸದು ಪೋಣಿಸಿದಳು. ದೊಡ್ಡವ್ವ ಆ ಮನೆಯಲ್ಲಿ ಇದ್ದಷ್ಟು ದಿನ ಆ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಹೋಗಿ ಬರುತ್ತಿದ್ದಳು. ಬಾಗಿಲು ಎತ್ತರವಿತ್ತು. ಬೇರೆ ಯಾರೂ ಬಗ್ಗುತ್ತಿರಲಿಲ್ಲ.